ಗೋಡೆಗೆ ಅಂಟಿಸಿದ ಕಾಗದ

ನಮ್ಮ ಯಜಮಾನರು ಬದರೀನಾರಾಯಣ ಅವರಿಗೆ ಸರ್ಕಾರ ಅಂದರೆ ಆಗುತ್ತಿರಲಿಲ್ಲ. ಚಾಮರಾಜಪೇಟೆಯಲ್ಲಿ ಅವರದೊಂದು ಸಣ್ಣ ಲೇತ್ ವರ್ಕ್‌ಶಾಪು. ಒಂದು ಮೋಟಾರು ಹಾಕಿಸಬೇಕಾದರೂ ಲೈಸೆನ್ಸು, ಅದಕ್ಕೊಬ್ಬ ಇನ್‌ಸ್ಪೆಕ್ಟರು, ಅವನ ಕೈ ಬೆಚ್ಚಗೆ ಮಾಡುವುದು. ವಯಸ್ಸೆಲ್ಲ ಇದರಲ್ಲೇ ಸವೆಯಿತು. ತೊಂಬತ್ತೊಂದರಲ್ಲಿ ಎಷ್ಟೋ ಲೈಸೆನ್ಸು ತೆಗೆದುಹಾಕಿದರೆಂದು ಪೇಪರಿನಲ್ಲಿ ಬಂದ ದಿನ ಬೀದಿಗೆಲ್ಲ ಮೈಸೂರುಪಾಕು ಹಂಚಿದ ಪುಣ್ಯಾತ್ಮ! "ಪೊಲೀಸು, ಕೋರ್ಟು, ಗಡಿ ಕಾಯೋ ಸೈನ್ಯ. ಸರ್ಕಾರ ಇಷ್ಟು ನೋಡ್ಕೊಂಡ್ರೆ ಸಾಕು ಕಣೇ. ಮಿಕ್ಕಿದ್ದು ಜನಾನೇ ಮಾತಾಡ್ಕೊಂಡು ಮಾಡ್ಕೋತಾರೆ" ಎಂದು ಊಟಕ್ಕೆ ಕೂತಾಗಲೂ ಉಪನ್ಯಾಸ. ಸಾರು ಆರಿಹೋಗುತ್ತಿತ್ತು, ನನಗೆ ಮೈ ಉರಿಯುತ್ತಿತ್ತು.

ನಮ್ಮದು ಹಳೇ ಸಾಲುಮನೆ. ನಮಗೂ ಪಕ್ಕದ ರಾಮಾಂಜಿನಪ್ಪನವರಿಗೂ ನಡುವೆ ಇದ್ದದ್ದು ಒಂದೇ ಗೋಡೆ, ಕಲ್ಲುಮಣ್ಣಿನದು. ಅದಕ್ಕೆ ಒತ್ತಿದಂತೆ ನಮ್ಮತ್ತೆ ಆಂಡಾಳಮ್ಮನವರ ಮಂಚ. ಸೊಂಟ ಮುರಿದು ಮಲಗಿದ ಮೇಲೆ, ಗೋಡೆ ತಂಪಾಗಿದೆ ಎಂದು ಅವರು ಆ ಜಾಗ ಬಿಟ್ಟು ಕದಲಲಿಲ್ಲ.

ಎರಡು ಸಾವಿರದ ಮೂರರಲ್ಲಿ ರಾಮಾಂಜಿನಪ್ಪ ಮನೆ ಕೆಡವಿ, ಕಾಂಪ್ಲೆಕ್ಸ್ ಕಟ್ಟಿಸಲು ಹೊರಟರು. ಕಾರು ನಿಲ್ಲಿಸಲು ನೆಲಮಾಳಿಗೆ ಬೇರೆ. ಕಾರ್ಪೊರೇಷನ್ನಿನ ಇಂಜಿನಿಯರ್ ವಾದಿರಾಜ ನೋಡಲು ಬಂದರೆ, ಗೇಟಿಗೆ ಅಡ್ಡ ನಿಂತವರು ಯಾರು ಅಂತೀರಿ? ನಮ್ಮವರೇ! "ಅವರ ಜಾಗ, ಅವರಿಷ್ಟ. ಗೋಡೆಯಿಂದ ದೂರ ಬಿಟ್ಟು ಅಗೆಸ್ತೀನಿ ಅಂತ ನಂಗೆ ಮಾತು ಕೊಟ್ಟಿದಾರೆ. ನಿಮಗೇನ್ರೀ ಇಲ್ಲಿ ಕೆಲಸ?" ಎಂದು ಕೂಗಾಡಿ ಓಡಿಸಿದರು. ಬೀದಿಯವರು ಚಪ್ಪಾಳೆ ತಟ್ಟಿದರು.

ಆಮೇಲೆ ಜೆಸಿಬಿ ಬಂತು. ಅದು ಅಗೆದಾಗಲೆಲ್ಲ ದೇವರಮನೆಯ ತಟ್ಟೆಗಳು ತಾವೇ ಸದ್ದು ಮಾಡುತ್ತಿದ್ದವು. "ರಂಗನಾಯಕಿ, ಗೋಡೆ ನರಳ್ತಿದೆ ಕಣೇ" ಎಂದರು ಅತ್ತೆ. ನೋಡಿದರೆ ಮಂಚದ ಮೇಲೆ ಸರಿಯಾಗಿ ಒಂದು ಬಿರುಕು. ನಮ್ಮವರು ಬಿರುಕಿಗೆ ಅಡ್ಡಲಾಗಿ ಒಂದು ತುಂಡು ಕಾಗದ ಅಂಟಿಸಿ, "ಇದು ಹರಿದ್ರೆ ಗೋಡೆ ಕದಲಿದೆ ಅಂತ. ಹರಿಯಲ್ಲ ಬಿಡು" ಎಂದರು. ಹೇಳುತ್ತಲೇ ಕಾಗದದ ಅಂಚನ್ನು ಇನ್ನೊಮ್ಮೆ ಒತ್ತಿದರು. ದಿನಾ ಎದ್ದ ತಕ್ಷಣ ನಾನು ಅದನ್ನು ನೋಡಲು ಓಡುತ್ತಿದ್ದೆ. ಜೀವ ಅಂಗೈಯಲ್ಲಿ ಹಿಡಿದುಕೊಂಡು ಬದುಕುವುದೆಂದರೇನು ಎಂದು ಆಗ ಗೊತ್ತಾಯಿತು.

ಒಂದು ಬೆಳಗ್ಗೆ ಕಾಗದ ಹರಿದಿತ್ತು.

ನಮ್ಮವರು ಪಕ್ಕಕ್ಕೆ ಓಡಿದರು. ರಾಮಾಂಜಿನಪ್ಪ ನಗುತ್ತಲೇ, "ಜಾಗ ಸಾಲ್ಲಿಲ್ಲ ಸ್ವಾಮೇರೇ, ಸ್ವಲ್ಪ ಒತ್ತಿ ಅಗೆಸ್ದೆ. ಅವರವರ ಜಾಗ ಅವರವರಿಷ್ಟ ಅಂತ ನೀವೇ ಹೇಳಿದ್ರಲ್ಲ?" ಎಂದರಂತೆ.

"ರೀ, ಕಾರ್ಪೊರೇಷನ್ನಿಗೆ ಹೋಗ್ರೀ" ಎಂದೆ.

"ಯಾವ ಮುಖ ಇಟ್ಕೊಂಡು ಹೋಗ್ಲೇ?"

"ಹಾಳಾಗಿ ಹೋಗ್ಲಿ ನಿಮ್ಮ ಮುಖ! ಒಳಗೆ ಮಲಗಿರೋದು ನಿಮ್ಮಮ್ಮ!" ಎಂದು ಕಿರುಚಿದೆ. ಚಪ್ಪಲಿ ಮೆಟ್ಟಿಕೊಳ್ಳದೆ ಹೊರಟರು.

ವಾದಿರಾಜನನ್ನು ಆಟೋದಲ್ಲಿ ಕೂರಿಸಿಕೊಂಡೇ ಬಂದರು. ಆತ ಒಂದು ಚುಚ್ಚುಮಾತೂ ಆಡಲಿಲ್ಲ. ಗೋಡೆಯನ್ನು ಒಮ್ಮೆ ನೋಡಿ, "ಮೊದ್ಲು ಅಜ್ಜೀನ ಎತ್ತಿ ಸಾರ್" ಎಂದು ಜೆಸಿಬಿ ನಿಲ್ಲಿಸಲು ಓಡಿದ. ಅತ್ತೆ ಮಂಚದ ಪಟ್ಟಿ ಬಿಗಿಯಾಗಿ ಹಿಡಿದುಕೊಂಡು, ಬರಲ್ಲ ಅಂದರೆ ಬರಲ್ಲ ಅಂದರು. ಇವರು ಅವರ ಬೆರಳುಗಳನ್ನು ಬಿಡಿಸಿ, ಮಗುವಿನ ಹಾಗೆ ಎತ್ತಿಕೊಂಡು ಬೀದಿಗೆ ಬಂದರು. ಹಿಂದೆಯೇ ಆ ಸದ್ದು. ಅಯ್ಯೋ, ಆ ಸದ್ದು! ಧೂಳು ಇಳಿದ ಮೇಲೆ ನೋಡಿದರೆ, ಮಂಚವೇ ಕಾಣದಷ್ಟು ಕಲ್ಲು ಮಣ್ಣು.

ಈಗ ಹೊಸ ಗೋಡೆ ಎದ್ದಿದೆ, ಕಂಬ ಹಾಕಿ ಕಟ್ಟಿದ್ದು. ವಾದಿರಾಜನೇ ನಿಂತು ನೋಡಿ ಒಪ್ಪಿದ್ದಾನೆ. ನಮ್ಮವರ ಉಪನ್ಯಾಸ ನಿಂತಿಲ್ಲ, ಆದರೆ ಎಲ್ಲಾದರೂ ಜೆಸಿಬಿ ಸದ್ದು ಕೇಳಿದರೆ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯುತ್ತದೆ. ಒಂದು ಬಿರುಕೂ ಇಲ್ಲದ ಆ ಗೋಡೆಗೂ ಕಾಗದ ಅಂಟಿಸಿದ್ದಾರೆ.

"ಬದರೀ, ಹರಿದಿದೆಯೇನೋ?" ಎಂದು ಬೆಳಗ್ಗೆ ಅತ್ತೆ ಮಲಗಿದಲ್ಲಿಂದಲೇ ಕೇಳುತ್ತಾರೆ.

ಇವರು ಮುಟ್ಟಿ ನೋಡಿ, "ಇಲ್ಲಮ್ಮ" ಎನ್ನುತ್ತಾರೆ. ಇವರು ಆಚೆ ಹೋದ ಮೇಲೆ ನಾನೂ ಒಮ್ಮೆ ಹೋಗಿ ಮುಟ್ಟಿ ನೋಡುತ್ತೇನೆ.