ನಾಲಿಗೆ ಮುಟ್ಟಿಸದ ಬ್ಯಾಟರಿ

ಪಿಯುಸಿ ಓದುವಾಗ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಸಿಂಧನೂರಿನ ಬಸ್ ಕಂಡಕ್ಟರನ ಮೂಗುದನಿ, ಅಜ್ಜಿಯ ಕೆಮ್ಮು, ಭೌತಶಾಸ್ತ್ರದ ಮಾಸ್ತರು ಸೀಮೆಸುಣ್ಣ ಎತ್ತಿಕೊಂಡ ಕೂಡಲೇ ಬಿಡುವ ನಿಟ್ಟುಸಿರು, ಎಲ್ಲ ನನ್ನ ಗಂಟಲಲ್ಲಿದ್ದವು. ಒಂದು ದಿನ ಆ ನಿಟ್ಟುಸಿರನ್ನು ಅವರ ಬೆನ್ನ ಹಿಂದೆಯೇ ಬಿಟ್ಟೆ. ಅವರು ಬೈಯಲಿಲ್ಲ.

"ಬಾಯಿ ಭಾಳ ಚಲೋ ಐತಲೇ ನಿಂದು. ಕೈಲೆ ಏನರ ಮಾಡಾಕ ಬರ್ತೈತೇನು?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಮಾತು ಅನ್ನದಲ್ಲಿ ಬಂದ ಕೂದಲಿನಂತೆ ಗಂಟಲಿಗೆ ಅಂಟಿಕೊಂಡಿತು. ಲಿಂಗಸುಗೂರಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ರಿಮೋಟಿನಿಂದ ಓಡುವ ಸಬ್‌ಮರೀನ್ ಮಾಡಿ ತರುತ್ತೇನೆಂದು ಎದ್ದು ನಿಂತು ಹೇಳಿಬಿಟ್ಟೆ. ನನ್ನ ಕೈಯಿಂದಾದದ್ದು ಒಂದನ್ನಾದರೂ ಅವರಿಗೆ ತೋರಿಸಲೇಬೇಕಿತ್ತು.

ಅಕ್ಕನ ಗಂಡ ಮುಂಬೈಯಿಂದ ತಂದಿದ್ದ ರಿಮೋಟಿನ ಆಟದ ಕಾರು ಗಾಲಿ ಕಳೆದುಕೊಂಡು ಮೂಲೆಯಲ್ಲಿ ಬಿದ್ದಿತ್ತು. ಅದರ ಮೋಟಾರು, ಸರ್ಕಿಟ್ಟು ಬಿಚ್ಚಿ ಪಿವಿಸಿ ಪೈಪಿನ ತುಂಡಿನೊಳಗೆ ಕೂಡಿಸಿದೆ. ಪೌಡರ್ ಡಬ್ಬಿಯ ತಗಡು ಕತ್ತರಿಸಿ ಹಿಂದೆ ಪುಟ್ಟ ಫ್ಯಾನು ಹಚ್ಚಿದೆ. ನೆಲದ ಮೇಲಿಟ್ಟು ಗುಂಡಿ ಒತ್ತಿದರೆ ಗುಂಯ್ ಎಂದು ತಿರುಗುತ್ತಿತ್ತು. ಇನ್ನು ಬ್ಯಾಟರಿಗೆ ನೀರು ತಾಗದಂತೆ ಮಾಡಬೇಕು. ಅದಕ್ಕೆ ಸೋದರಮಾವ ಇದ್ದ.

ಮಾವನದು ಮೋಟಾರ್ ವೈಂಡಿಂಗ್ ಅಂಗಡಿ. ಮಸ್ಕಿ ಕಡೆಯ ಬೋರ್‌ವೆಲ್‌ಗಳಿಗೆ ಇಳಿಸುವ ಪಂಪಿನ ಕೇಬಲ್ಲುಗಳಿಗೆ ಅವನೇ ಜಾಯಿಂಟ್ ಹಾಕುತ್ತಿದ್ದ. ಅವನ ಜಾಯಿಂಟು ನೀರು ಕಂಡರೂ ಕುಡಿದದ್ದಿಲ್ಲ. ಅವನ ಅಂಗಿ ನೀರನ್ನು ಕಂಡದ್ದೇ ಇಲ್ಲ.

"ನೀರು ಒಳಗ ಬರಬಾರ್ದಂದ್ರ, ಒಳಗ ಜಾಗಾನ ಇರಬಾರ್ದು," ಎನ್ನುತ್ತ ಒಂದು ತಗಡಿನ ಡಬ್ಬಿ ಎಳೆದ. ಹಳೇ ಔಡಲೆಣ್ಣೆ, ಮೇಣ, ಸವೆದ ಬೇರಿಂಗುಗಳಿಂದ ಕೆರೆದ ಕರಿ ಗ್ರೀಸು, ಮೂರನ್ನೂ ಕೂಡಿಸಿ ಕಾಸಿದ ಲೇಪ. ಮೇಲೆ ಎರಡು ನೊಣ, ಒಂದು ಬೀಡಿ ತುಂಡು. ವಾಸನೆ ಹೇಗಿತ್ತೆಂದರೆ, ಸತ್ತ ಇಲಿಗೆ ಯಾರೋ ಎಣ್ಣೆಸ್ನಾನ ಮಾಡಿಸಿದಂತಿತ್ತು. ನಾಲ್ಕು ಸೆಲ್ಲಿನ ಡಬ್ಬಿಗೆ ಅದನ್ನು ಬೆರಳಿನಿಂದ ತುಂಬಿದ. ನಾನು ಅವನಿಗಿಂತ ಜಾಣ. ಸೆಲ್ ಹಾಕುವ ಮೊದಲೇ ಸ್ಪ್ರಿಂಗುಗಳಿಗೂ ದಪ್ಪಗೆ ಮೆತ್ತಿದ್ದೆ.

ಮುಚ್ಚಳ ಬಿಗಿದು, ಅದರ ಮೇಲೂ ಲೇಪ ಬಳಿದು, ಹೊರಗುಳಿದ ಎರಡು ವೈರಿನ ತುದಿಗಳನ್ನು ಮಾವ ಒಂದೊಂದಾಗಿ ಹಲ್ಲಿನಿಂದಲೇ ಸುಲಿದ. ಬಾಯಿ ತುಂಬ ತಂಬಾಕು. ತುದಿಯಿಂದ ಕಂದು ಜೊಲ್ಲು ದಾರದಂತೆ ಜೋತಾಡುತ್ತಿತ್ತು.

"ನನ್ನ ನಾಲಗಿ ತಂಬಾಕಿಗೆ ಸತ್ತೈತಿ. ನೀ ನೆಕ್ಕಿ ನೋಡಲೇ. ಚುರ್ ಅಂತಂದ್ರ ಕರೆಂಟ್ ಬರಾಕತ್ತೈತಿ ಅಂತ ತಿಳಿ."

ಮುಖ ಆ ಕಡೆ ತಿರುಗಿಸಿ, ವೈರುಗಳನ್ನು ಗದ್ದದ ಹತ್ತಿರ ಹಿಡಿದು, ಹುಬ್ಬು ಕುಣಿಸಿ ನಾಲಿಗೆ ಎಳೆದುಕೊಂಡೆ. "ಸ್ಸ್! ಚುರ್ ಅಂತು, ಮಾವಾ!"

ಅಭಿನಯ ಅಷ್ಟು ಚೆನ್ನಾಗಿತ್ತು, ಮಾವ ನಂಬಿದ. ವೈರು ಕೂಡಿಸಿ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿದ. ಹೊಸ ಸೆಲ್ ಖರ್ಚಾಗುತ್ತವೆಂದು ನಾನು ಮತ್ತೆ ಓಡಿಸಿ ನೋಡಲಿಲ್ಲ.

ಪ್ರದರ್ಶನದ ದಿನ ಬಸ್ಸು ಮಸ್ಕಿ ಮುಟ್ಟುವಷ್ಟರಲ್ಲಿ ಬಿಸಿಲಿಗೆ ಹೊರಗಿನ ಲೇಪ ಕರಗಿ ಚೀಲದಿಂದ ತೊಟ್ಟಿಕ್ಕತೊಡಗಿತು. ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡಳು. "ಯಪ್ಪಾ, ಯಾರು ಏನ್ ಹೊಲಸು ತಂದೀರೋ!" ನಾನೂ ಮೂಗು ಹಿಡಿದು ಪಕ್ಕದ ಮುದುಕನನ್ನು ದುರುಗುಟ್ಟಿ ನೋಡಿದೆ.

ಲಿಂಗಸುಗೂರಿನಲ್ಲಿ ಟಬ್ಬಿನ ಸುತ್ತ ಜನ ಸೇರಿದರು. ಮಾಸ್ತರು ಕೈಕಟ್ಟಿ ಮುಂದೆಯೇ ನಿಂತರು. ನನ್ನ ಸಬ್‌ಮರೀನ್ ಆಂಟೆನಾ ತಂತಿಯ ತುದಿಯೊಂದನ್ನು ಬಿಟ್ಟು ಚೆನ್ನಾಗಿಯೇ ಮುಳುಗಿತು. ಗುಂಡಿ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ನೀರಿನ ಮೇಲೆ ಎಣ್ಣೆಯ ಬಣ್ಣಗಳಷ್ಟೇ ಹರಡಿದವು.

ಆಗ ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. "ಗುರ್ರ್ರ್... ಡುಬುಕ್, ಡುಬುಕ್..." ಆಮೇಲೆ ರೇಡಿಯೋ ವಾರ್ತೆಯ ದನಿ: "ಶತ್ರುಗಳಿಗೆ ಸಂಶಯ ಬಾರದಂತೆ ನಮ್ಮ ನೌಕೆ ನಿಂತಲ್ಲೇ ನಿಂತಿದೆ!" ಜನ ಬಿದ್ದು ಬಿದ್ದು ನಕ್ಕರು. ಮುಖ್ಯ ಅತಿಥಿಗಳು ಕಣ್ಣೊರೆಸಿಕೊಂಡು, ಮನರಂಜನೆಗೆಂದು ನನಗೊಂದು ಸ್ಟೀಲ್ ಲೋಟ ಕೊಟ್ಟರು. ಮಾಸ್ತರು ಮಾತ್ರ ಆ ನಿಟ್ಟುಸಿರು ಬಿಟ್ಟರು. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಮರುದಿನ ಹಿತ್ತಲಲ್ಲಿ ಡಬ್ಬಿ ಬಿಚ್ಚಿದೆ. ಒಂದು ಹನಿ ನೀರಿಲ್ಲ. ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ನಾನು ಮೆತ್ತಿದ್ದ ಲೇಪ ಹಕ್ಕಳೆಯಂತೆ ಗಟ್ಟಿಯಾಗಿ ಕೂತಿತ್ತು. ನೀರನ್ನಲ್ಲ, ಕರೆಂಟನ್ನೇ ತಡೆದಿದ್ದೆ. ಟ್ಯೂಬಿನ ಪಟ್ಟಿ ಬಿಚ್ಚಿ, ಕಣ್ಣು ಮುಚ್ಚಿ, ಎರಡೂ ವೈರಿನ ತುದಿ ನೆಕ್ಕಿದೆ. ಚುರ್ ಇಲ್ಲ. ಇಲಿ, ನೊಣ, ಮಾವನ ತಂಬಾಕು, ಎಲ್ಲ ಇದ್ದವು. ಗೋಡೆ ಹಿಡಿದು ಓಕರಿಸಿದೆ. ಸ್ಪ್ರಿಂಗುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮತ್ತೆ ನೆಕ್ಕಿದೆ. ಚುರ್!

ಎಲ್ಲ ಮೊದಲಿನಂತೆ ಬಿಗಿದು ಎಮ್ಮೆಯ ನೀರಿನ ತೊಟ್ಟಿಗೆ ಬಿಟ್ಟೆ. ಗುಂಯ್ ಎನ್ನುತ್ತ, ತೇಲುವ ಹೊಟ್ಟು, ಎಮ್ಮೆಯ ಜೊಲ್ಲು ಎಲ್ಲದರ ಕೆಳಗೆ ನುಸುಳಿ ಆ ತುದಿ ಮುಟ್ಟಿತು. ಎಮ್ಮೆ ನೀರು ಮೂಸಿ ಮುಖ ತಿರುಗಿಸಿತು.

ಒಳಗಿನಿಂದ ಅವ್ವ ಕೂಗಿದಳು. "ಸಾಕ್ ಮಾಡಲೇ ಇನ್ನ! ಎದ್ದಾಗಿಂದ ಅದಾ ಬಾಯಿ. ಬಂದು ಉಣ್ಣು."

"ಯವ್ವಾ, ನಾನಲ್ಲಬೇ, ಮಶೀನು! ಖರೇನ ಓಡಾಕತ್ತೈತಿ, ಬಂದು ನೋಡು!"

"ಹೂಂ. ಮೊನ್ನಿ ನೀನ ಎಮ್ಮಿ ಹಂಗ ಒದರಿ, ನಾನಲ್ಲ ಎಮ್ಮಿ ಅಂದಿದ್ದಿ. ರೊಟ್ಟಿ ಆರಾಕತ್ತಾವ, ಬಾ."

ಹೋಗಿ ಕೂತೆ. ರೊಟ್ಟಿಯಲ್ಲೂ ಔಡಲೆಣ್ಣೆಯದೇ ರುಚಿ.