ಸೋಮವಾರದ ನೊಗ

ನಾನು ಮೊದಲು ಕಲಿಸಲು ಹೋದ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಈಗಲೂ ಜಗಳಕ್ಕೆ ಬಂದಾರು, ನಾನೂ ಬಿಡುವವಳಲ್ಲ. ಗಡಹಿಂಗ್ಲಜ ತಾಲೂಕಿನಲ್ಲಿ, ಹಿರಣ್ಯಕೇಶಿ ನದಿ ದಾಟಿ ಉತ್ತರಕ್ಕೆ ದಿಬ್ಬ ಹತ್ತಿದರೆ ಸಿಗುವ ಕೊನೆಯ ಹಳ್ಳಿ ಅದು. ಅಲ್ಲಿಂದಾಚೆ ಕುರಿಗಳು ಮಾತ್ರ ಹೋಗುತ್ತಿದ್ದವು. ಅರವತ್ತರ ದಶಕ ಆಗಷ್ಟೇ ಸುರುವಾಗಿತ್ತು. ಕನ್ನಡ ಮಾತಾಡುವ ನಾವು ಮಹಾರಾಷ್ಟ್ರದಲ್ಲಿ ಉಳಿದಿದ್ದೆವು, ಆ ಹಳ್ಳಿಯಲ್ಲಿ ಒಂದು ಕನ್ನಡ ಶಾಲೆಯೂ ಹೆಸರಿಗೆ ಉಳಿದಿತ್ತು.

ನಾನು ಇಚಲಕರಂಜಿಯವಳು, ಅಲ್ಲಿನ ಶಹಾಪುರ ಭಾಗದ ನೇಕಾರರ ಮನೆಯ ಮಗಳು. ಮಗ್ಗದ ಗದ್ದಲದಲ್ಲಿ ನಮಗೆ ವಾರ ಯಾವುದು, ತಿಥಿ ಯಾವುದು ನೆನಪೇ ಇರುತ್ತಿರಲಿಲ್ಲ. ಕಳಿಸುವಾಗ ಅಪ್ಪ ಒಂದೇ ಮಾತು ಹೇಳಿದ.

"ನೌಕರಿ ಕಾಯಂ ಆತಂದ್ರ ಛಲೋ. ಇಲ್ಲಾಂದ್ರ ಮನಿಗಿ ಬಂದು ಕಂಡಿಕಿ ಸುತ್ತು. ನಿಮ್ಮ ಸ್ವಾದರಮಾವ ಕಾಯಾಕತ್ತಾನ."

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದಕ್ಕೆ ನನಗೇನೂ ಬೇಸರವಿರಲಿಲ್ಲ. ಹೆಂಡತಿ ಸತ್ತು ನರೆಗೂದಲು ಬಂದಿದ್ದ ಆ ಸೋದರಮಾವನನ್ನು ಕಟ್ಟಿಕೊಳ್ಳುವುದಕ್ಕೆ ಮಾತ್ರ ಜೀವ ಹೆದರುತ್ತಿತ್ತು. ಆ ನೌಕರಿ ನನಗೆ ಬೇಕೇ ಬೇಕಿತ್ತು.

ಸೋಮವಾರ ಹಾಜರಾಗಬೇಕೆಂದು ಆರ್ಡರಿನಲ್ಲಿತ್ತು. ಗಡಹಿಂಗ್ಲಜ ಪೇಟೆಯಲ್ಲಿ ಬಾಡಿಗೆ ಚಕ್ಕಡಿ ಹಿಡಿದು, ಟ್ರಂಕು ಹೇರಿಕೊಂಡು, ನೇರವಾಗಿ ಬಸವಣ್ಣನ ಗುಡಿಯ ಮುಂದೆ ಹೋಗಿ ಇಳಿದೆ. ಶಾಲೆ ಗುಡಿಗೆ ಹತ್ತಿಕೊಂಡೇ ಇತ್ತು. ಕಟ್ಟೆಯ ಮೇಲೆ ಕೂತಿದ್ದವರು ಹೊಸದಾಗಿ ಬಂದ ನನ್ನ ಮುಖ ನೋಡಲಿಲ್ಲ, ಎತ್ತುಗಳ ಹೆಗಲು ನೋಡಿದರು. ಸೋಮವಾರ ಬಸವಣ್ಣನ ವಾರ. ಅಂದು ಆ ಊರಲ್ಲಿ ಯಾರೂ ಎತ್ತಿಗೆ ನೊಗ ಹೂಡುವುದಿಲ್ಲ, ರೋಗಿಯನ್ನಾದರೂ ಹೊತ್ತುಕೊಂಡೇ ಒಯ್ಯುತ್ತಾರೆ. ಎತ್ತಿಲ್ಲದ ಮನೆಯಲ್ಲಿ ಹುಟ್ಟಿದ ನನಗೆ ಇದೆಲ್ಲಿ ಗೊತ್ತಾಗಬೇಕು?

ಊರಿನ ಗೌಡ ಎದ್ದು ಬಂದ. "ಇವತ್ತ ಸ್ವಾಮಾರ ಅನ್ನೂದು ಗೊತ್ತಿಲ್ಲೇನ್ರಿ ಅಕ್ಕೋರ?"

"ಗೊತ್ತೈತ್ರಿ. ಅದಕ್ಕ ಇವತ್ತ ಬಂದೇನಿ," ಎಂದೆ.

ನಾನು ಹೇಳಿದ್ದು ಆರ್ಡರಿನಲ್ಲಿದ್ದ ಸೋಮವಾರದ ವಿಷಯ. ಅವರಿಗೆ ಅದು ಸೊಕ್ಕಿನ ಮಾತಾಗಿ ಕೇಳಿಸಿತು. ಗೌಡ ಅಲ್ಲಿಯೇ ದಂಡ ಹೇಳಿದ: ಸೋಮವಾರ ಹೂಡಿದವರು ಗಂಡಸಾಗಲಿ ಹೆಂಗಸಾಗಲಿ, ಊರಬಾಗಿಲಾದ ಅಗಸಿಯಿಂದ ಗುಡಿಯವರೆಗೆ ನೊಗವನ್ನು ತಮ್ಮ ಹೆಗಲ ಮೇಲೆ ಹೊತ್ತು ಬರಬೇಕು.

"ನಾ ಹುಡುಗೂರ್ಗಿ ಕಲಸಾಕ ಬಂದಾಕಿ, ನೊಗಾ ಹೊರಾಕಲ್ಲ," ಎಂದು ಟ್ರಂಕು ಎಳೆದುಕೊಂಡು ಶಾಲೆಯೊಳಗೆ ಹೋದೆ. ಅದರ ಹಿಂದಿನ ಕೋಣೆಯೇ ನನ್ನ ಮನೆ.

ಮರುದಿನ ಗೌಡನ ಎತ್ತೊಂದು ಕುಂಟಿತು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಶಾಲೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ನಾನು ಬಾವಿಗೆ ಹೋದರೆ ಹೆಂಗಸರ ಮಾತು ಗಪ್ಪನೆ ನಿಲ್ಲುತ್ತಿತ್ತು, ಕೊಡ ಎತ್ತಿಕೊಂಡು ತಿರುಗಿದ ಮೇಲೆ ನಗೆ ಸುರುವಾಗುತ್ತಿತ್ತು. ಗೌಡನ ಮುದಿ ತಾಯಿಯ ಹತ್ತಿರ ಮಜ್ಜಿಗೆ ಕೇಳಲು ಹೋದೆ.

"ಎಮ್ಮಿ ಹಿಂಡಾಕತ್ತಿಲ್ಲವ್ವಾ," ಎಂದಳು. ಹೇಳುವಾಗ ಆಕೆ ಎಮ್ಮೆಯ ಕೆಳಗೇ ಕೂತು ಹಿಂಡುತ್ತಿದ್ದಳು.

ನಾನೂ ಅವರನ್ನು ದ್ವೇಷಿಸಿದೆ, ಮನಸ್ಸು ತುಂಬಿ ದ್ವೇಷಿಸಿದೆ. ದಿನಾ ಬೆಳಿಗ್ಗೆ ಊರಿನ ಕಿವಿ ಕಿತ್ತು ಹೋಗುವಂತೆ ಗಂಟೆ ಬಾರಿಸುತ್ತಿದ್ದೆ. ಆಮೇಲೆ ಖಾಲಿ ಕೋಣೆಯಲ್ಲಿ ನಿಂತು ಮಗ್ಗಿ ಒದರುತ್ತಿದ್ದೆ. ಒಂದು ದಿನ ನಾನು "ಏಳ ಏಳ್ಲೆ" ಎಂದು ಉಸಿರು ತೆಗೆದುಕೊಂಡಾಗ ಗೋಡೆಯಾಚೆಯಿಂದ "ನಲವತ್ತೊಂಬತ್ತ" ಎಂದು ಮಗುವಿನ ದನಿ ಬಂತು. ಹಿಂದೆಯೇ ಏಟಿನ ಸದ್ದು, ಅಳು. ನನಗೂ ಅಳು ಬಂತು, ಆದರೆ ಮಗ್ಗಿ ನಿಲ್ಲಿಸಲಿಲ್ಲ.

ಶ್ರಾವಣದಲ್ಲಿ ಶಿಕ್ಷಣ ಖಾತೆಯ ಸಾಹೇಬರು ಶಾಲೆಯ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಮಕ್ಕಳಿಲ್ಲದಿದ್ದರೆ ಶಾಲೆ ಮುಚ್ಚುತ್ತದೆ, ನಾನು ಸೋದರಮಾವನ ಪಾಲು. ಅದರಲ್ಲೂ ಆ ಪುಣ್ಯಾತ್ಮ ಆರಿಸಿಕೊಂಡದ್ದು ಸೋಮವಾರ!

ಅಂದು ಊರೆಲ್ಲ ಗುಡಿಯಲ್ಲಿ ನೆರೆದಿತ್ತು. ಸಾಹೇಬರ ಚಕ್ಕಡಿ ಬಂತೆಂದು ಕೇಳಿ ಎಲ್ಲರೂ ಅಗಸಿಗೆ ಓಡಿದರು, ನಾನೂ ಓಡಿದೆ. ಗೌಡ ಎತ್ತುಗಳ ಮುಂದೆ ಅಡ್ಡ ನಿಂತಿದ್ದ.

"ಎತ್ತ ಬಿಡ್ರಿ ಸಾಹೇಬ್ರ. ಇಳದ ನಡಕೋತ ಬರ್ರಿ."

ಅಗಸಿಯಿಂದ ಶಾಲೆಯವರೆಗೆ ಮೊಣಕಾಲುಮಟ್ಟ ಎರೆಮಣ್ಣಿನ ಕೆಸರು. ಸಾಹೇಬರು ತಮ್ಮ ಮಿಂಚುವ ಬೂಟು ನೋಡಿಕೊಂಡರು, ಕೆಸರು ನೋಡಿದರು. ಆಮೇಲೆ ಗಾಡಿಯವನಿಗೆ ಮರಾಠಿಯಲ್ಲಿ, "ಚಲಾ, ಪರತ ಫಿರವಾ. ಶಾಳಾ ಬಂದ ಆಹೇ ಅಸಂ ಲಿಹಿತೋ," ಎಂದರು. ಗಾಡಿ ತಿರುಗಿಸು, ಶಾಲೆ ಬಂದಾಗಿದೆ ಎಂದು ಬರೆಯುತ್ತೇನೆ, ಅಷ್ಟೇ.

ನನ್ನ ತಲೆ ಕೆಟ್ಟಿತು. ಆ ಬೂಟಿನ ಮೇಲೂ ಸಿಟ್ಟು, ಈ ಊರಿನ ಮೇಲೂ ಸಿಟ್ಟು. "ಎತ್ತ ಬಿಚ್ಚೋ!" ಎಂದು ಗಾಡಿಯವನಿಗೆ ಒದರಿದೆ. ಅವನು ಹೆದರಿ ಬಿಚ್ಚಿದ. ಸೀರೆಯ ಕಚ್ಚೆ ಹಾಕಿ ಎತ್ತಿನ ಜಾಗದಲ್ಲಿ ನಿಂತು ನೊಗಕ್ಕೆ ಹೆಗಲು ಕೊಟ್ಟೆ. ಮೇಲೆ ಕೂತ ಸಾಹೇಬರು "ಅಹೋ ಬಾಯಿ, ಬಾಯಿ!" ಎಂದು ಅಕ್ಕೋರನ್ನು ಮರಾಠಿಯಲ್ಲಿ ಕೂಗುತ್ತಿದ್ದರು, ಇಳಿಯಲಿಲ್ಲ. ಚಕ್ಕಡಿ ಅಲುಗಲಿಲ್ಲ. ಯಾರೋ ನಕ್ಕರು. ಇನ್ನೊಮ್ಮೆ ಜಗ್ಗಿದೆ, ಕಾಲು ಜಾರಿ ಮೊಣಕಾಲೂರಿದೆ.

ಆಗ ಗೌಡನ ತಾಯಿಯ ದನಿ ಎದ್ದಿತು. "ಹೆಣ್ಮಗಳು ನೊಗಕ್ಕ ಬಿದ್ದಾಳ, ಕಣ್ಣ ಬಿಟ್ಕೊಂಡ ನಿಂತೀರಲ್ಲೋ ಮುಕಳ್ಯಾರ! ಏ ಗೌಡಾ, ನಿನಗ ಹೆಗಲಿಲ್ಲೇನೋ?"

ಗೌಡ ನನ್ನನ್ನು ಬಯ್ಯುತ್ತಲೇ ಬಂದು ನೊಗದ ಇನ್ನೊಂದು ಬದಿಗೆ ಹೆಗಲು ಕೊಟ್ಟ. ಮಕ್ಕಳು ಅಪ್ಪಂದಿರ ಕೈ ಬಿಡಿಸಿಕೊಂಡು ಹೋ ಎನ್ನುತ್ತ ಹಿಂದಿನಿಂದ ದೂಡಿದವು. ಗಾಲಿ ಕೆಸರಿನಿಂದ ಕಿತ್ತು ಬಂತು. ದಾರಿಯುದ್ದಕ್ಕೂ ಗೌಡನ ಉಸಿರು ಪಕ್ಕದಲ್ಲಿ ಬುಸುಗುಡುತ್ತಿತ್ತು.

ಗುಡಿಯ ಮುಂದೆ ಗೌಡ ನೊಗ ಇಳಿಸಿ ಮುಖ ಒರೆಸಿಕೊಂಡ. ಆಮೇಲೆ ಊರಿಗೆಲ್ಲ ಕೇಳುವಂತೆ ಹೇಳಿದ.

"ನೋಡ್ರೆಪಾ, ಅಕ್ಕೋರು ಅಗಸಿಯಿಂದ ಗುಡಿತನಕ ನೊಗಾ ಹೊತ್ತಾರ. ದಂಡ ತೀರ್ತು. ಇನ್ನ ಹುಡುಗೂರ್ನ ಯಾರೂ ಹಿಡೀಬ್ಯಾಡ್ರಿ."

ದಂಡ! ಯಾವ ದಂಡ? ನಾನು ಎಳೆದದ್ದು ನನ್ನ ನೌಕರಿಗಾಗಿ, ಈ ಶಾಲೆಗಾಗಿ. ತಪ್ಪನ್ನೇ ಮಾಡದವಳು ದಂಡ ತೆತ್ತದ್ದೆಲ್ಲಿ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಗೌಡನನ್ನು ನೋಡಿದೆ. ನಾನು ಯಾಕೆ ಎಳೆದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ತೆರೆಯುತ್ತೇನೋ ಇಲ್ಲವೋ ಎಂದು ಕಾಯುತ್ತ ನಿಂತಿದ್ದ. ಅವನ ಬೆನ್ನ ಹಿಂದೆ ಮಕ್ಕಳು ಕೆಸರು ಮೆತ್ತಿಕೊಂಡು ಶಾಲೆಯ ಮೆಟ್ಟಿಲ ಮೇಲೆ ಕಾಲಿಟ್ಟಿದ್ದವು. ನನ್ನ ಒಂದು ಮಾತಿಗೆ ಅವು ಮತ್ತೆ ಗೋಡೆಯಾಚೆ ಹೋಗುತ್ತಿದ್ದವು.

ಸಾಹೇಬರು ಬೂಟಿಗೆ ಕೆಸರು ತಾಗದಂತೆ ಇಳಿದರು. "ಹೀ ಸಗಳೀ ಮುಲಂ ತುಮಚೀಚ ಕಾ, ಬಾಯಿ?" ಈ ಮಕ್ಕಳೆಲ್ಲ ನಿಮ್ಮವೇನಾ ಎಂದರು.

"ಹೋಯ ಸಾಹೇಬ," ಹೌದು ಎಂದೆ.

ಮುದುಕಿ ತಂಬಿಗೆಯಲ್ಲಿ ಮಜ್ಜಿಗೆ ತಂದು ನನ್ನ ಕೈಗೆ ಕೊಟ್ಟಳು. "ದಂಡ ತೀರಿಸಿದಿ, ತಂಪ ಆತು, ಕುಡಿಯವ್ವಾ," ಎಂದಳು. ಅವಳ ಮುಖಕ್ಕೇ ಎರಚಬೇಕೆನ್ನಿಸಿತು. ಮಕ್ಕಳು ನೋಡುತ್ತಿದ್ದವು. ಮಜ್ಜಿಗೆ ಹುಳಿಯಾಗಿತ್ತು. ತಂಬಿಗೆ ಎತ್ತಿ, ಒಂದು ಹನಿ ಬಿಡದೆ ಕುಡಿದೆ.