ಅರ್ಧ ಮಿಲಿಮೀಟರ್

ನಮ್ಮ ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ‘ವಿಭಾಗಗಳು ಒಂದಾಗಿ ನಡೆಸಿದ ಸಂಶೋಧನೆ’ ಅಂತ ಎರಡು ಪುಟವಿದೆ. ಮೂವರು ಪ್ರೊಫೆಸರುಗಳ ಫೋಟೊ ಇದೆ, ಗಾಜಣ್ಣನದಿಲ್ಲ. ಆ ಸಿಟ್ಟಿಗೇ ನಾನು ಇದನ್ನು ಬರೆಯುತ್ತಿರುವುದು. ನೆಲಮಾಳಿಗೆಯಲ್ಲಿ ಅವನ ಕೋಣೆಗೆ ಅಂಟಿಕೊಂಡ ಉಗ್ರಾಣ ನನ್ನದು. ಇಪ್ಪತ್ತಾರು ವರ್ಷದಿಂದ ಅವನು ಬೆಂಕಿಯ ಮುಂದೆ ಕೂತು ಎಲ್ಲ ವಿಭಾಗಗಳಿಗೂ ಗಾಜು ಊದಿಕೊಡುತ್ತಿದ್ದಾನೆ.

ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಮತ್ತೆ ಮಾತು ಬರಿಸುವ ಪುಟ್ಟ ರಬ್ಬರ್ ನಳಿಗೆ ಮಾಡಲು ಮೂರು ವಿಭಾಗ ಸೇರಿದವು. ಶಸ್ತ್ರವೈದ್ಯರು, ಧ್ವನಿವಿಜ್ಞಾನದ ಪ್ರೊಫೆಸರು, ಸಂಗೀತದ ಮೇಡಂ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ ಅದು. ಮೂವರ ಮಾತೂ ಅರ್ಥವಾಗುತ್ತಿದ್ದುದು ಗಾಜಣ್ಣನೊಬ್ಬನಿಗೆ. ನಳಿಗೆಯನ್ನು ಎರೆಯುವ ಗಾಜಿನ ಅಚ್ಚು ಅವನದೇ ಕೈಕೆಲಸ.

ಅವನ ಹೆಂಡತಿ, ನಾನು ಅತ್ತಿಗೆ ಅನ್ನುವವರು, ಎರಡು ವರ್ಷದ ಹಿಂದೆ ಅದೇ ಕಾಯಿಲೆಗೆ ದನಿ ಕಳೆದುಕೊಂಡಿದ್ದರು. ಮನೆಯಲ್ಲಿ ಮಾತೆಲ್ಲ ಸ್ಲೇಟಿನ ಮೇಲೆ. ಅವರು ಇನ್ನೊಮ್ಮೆ ಮಾತಾಡಬೇಕು ಅನ್ನುವುದೊಂದೇ ಇವನ ಆಸೆ.

ಒಂದು ವರ್ಷ ಯಾವ ನಳಿಗೆಯೂ ಯಾರಿಗೂ ಕೂರಲಿಲ್ಲ. ಹನ್ನೊಂದು ಅಚ್ಚು, ಹನ್ನೊಂದು ರೋಗಿಗಳು. ಮೂರು ವಿಭಾಗಗಳೂ ಒಂದರ ಮೇಲೊಂದು ತಪ್ಪು ಹೊರಿಸಿಕೊಂಡವು. ಗಾಜಣ್ಣನ ಕೈಯನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಅಚ್ಚುಗಳನ್ನು ಅಳೆದು ಸಹಿ ಹಾಕಬೇಕಾದವನು ನಾನು, ಅಳೆಯದೆಯೇ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಅವನೇ ಉಗ್ರಾಣಕ್ಕೆ ಬಂದು ಹನ್ನೊಂದನ್ನೂ ಅಳೆದ. ಎಲ್ಲದರ ಕತ್ತೂ ನಕ್ಷೆಗಿಂತ ಅರ್ಧ ಮಿಲಿಮೀಟರ್ ಕಿರಿದು.

“ಇದು ಅವಳ ಗಂಟಲಿನ ಅಳತೆ ಕಣೋ,” ಅಂದ.

ವಿಕಿರಣ ಚಿಕಿತ್ಸೆಯಿಂದ ಅತ್ತಿಗೆಯ ಗಂಟಲು ಸಂಕುಚಿಸಿತ್ತು. ಅಷ್ಟು ಕಿರಿದಾದ ನಳಿಗೆಯಲ್ಲಿ ದನಿ ಹುಟ್ಟುವುದಿಲ್ಲ ಅಂತ ಪ್ರೊಫೆಸರು ಲೆಕ್ಕ ಹಾಕಿ ತೋರಿಸಿದ್ದರು. ಅವನ ತಲೆ ಒಪ್ಪಿತ್ತು, ಕೈ ಒಪ್ಪಿರಲಿಲ್ಲ. ನನಗೆ ಅವನ ಮೇಲೆ ರೇಗಿತು, ನನ್ನ ಮೇಲೆ ಇನ್ನೂ ಹೆಚ್ಚು. ಹನ್ನೊಂದು ಜನ ಆಸೆಯಿಂದ ಬಂದು ಮೂಕರಾಗಿಯೇ ಮನೆಗೆ ಹೋಗಿದ್ದರು.

ಆ ಸಂಜೆ ಅವನ ಜೊತೆ ನಾನೂ ಅವನ ಮನೆಗೆ ಹೋದೆ. ನಳಿಗೆಯನ್ನು ಅಗಲ ಮಾಡಿದರೆ ಅತ್ತಿಗೆಗೆ ಅದು ಎಂದೂ ಕೂರುವುದಿಲ್ಲ. ನಡೆದದ್ದರ ಜೊತೆ ಅದನ್ನೂ ಮುಚ್ಚಿಡದೆ ಹೇಳಿದ. ಅತ್ತಿಗೆ ಬಹಳ ಹೊತ್ತು ಬರೆದರು.

“ನಂಗೆ ಮಾತು ಬರಲ್ಲ ಅಂತ ಆಗಲೇ ಗೊತ್ತಿತ್ತು. ನೀವು ನಂಬಿದ್ರಿ, ಅದಕ್ಕೇ ಸುಮ್ಮನಿದ್ದೆ.”

ಒರೆಸಿ, ಮತ್ತೆ ಬರೆದರು: “ಉಳಿದವರ ಅಳತೆಗೆ ಮಾಡಿ.”

ಮರುದಿನ ಗಾಜಣ್ಣ ಮೂವರೆದುರೂ ನಿಂತು ತಪ್ಪೊಪ್ಪಿಕೊಂಡ. ಪಕ್ಕದಲ್ಲಿ ನಾನೂ ನಿಂತೆ. ಶಸ್ತ್ರವೈದ್ಯರು ಬೈದರು, ಬೈಯಬೇಕಾದ್ದೇ. ಇಬ್ಬರೂ ಲಿಖಿತ ವಿವರಣೆ ಕೊಟ್ಟೆವು. ಹನ್ನೆರಡನೆಯ ಅಚ್ಚನ್ನು ನಾನು ಮೂರು ಸಲ ಅಳೆದು ಸಹಿ ಹಾಕಿದೆ.

ಅದರ ನಳಿಗೆ ಒಬ್ಬ ಹೆಂಗಸಿಗೆ ಕೂತಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಆಕೆ, ಕೊಡೆ ಎಲ್ಲಿಟ್ರಿ ಅಂತ ಗಂಡನನ್ನು ಕೇಳಿದರು. ಆತ ಅತ್ತುಬಿಟ್ಟರು. ಗಾಜಣ್ಣ ಗೋಡೆಗೊರಗಿ ನಿಂತಿದ್ದ. ನನಗೂ ಕಣ್ಣು ತುಂಬಿತು.

ಮನೆಯಲ್ಲಿ ಎಲ್ಲವನ್ನೂ ಹೇಳಿದ. ದನಿ ಹೇಗಿತ್ತು ಅಂತ ಅತ್ತಿಗೆ ಬರೆದು ಕೇಳಿದರು.

“ಚೆನ್ನಾಗಿತ್ತು,” ಅಂದ ಗಾಜಣ್ಣ. “ನಿಂದಾಗಿರಲಿಲ್ಲ, ಅಷ್ಟೇ.”